ಖಣಿಯಲ್ಲಿ ಮೊದಲ ಪಾಠ

ವಾಡಿ, ಶಹಾಬಾದ್, ಸೇಡಂ, ಚಿತ್ತಾಪುರ, ಚಿಂಚೋಳಿ. ಈ ಸೀಮೆಯ ನೆಲದಲ್ಲಿ ಸುಣ್ಣದ ಕಲ್ಲು ಬಹಳ. ಮನೆಗೆ ಹಾಸುವ ಕಲ್ಲೂ ಇದೆ, ಸಿಮೆಂಟಿನ ಕಲ್ಲೂ ಇದೆ. ವಾಡಿಯಲ್ಲಿ 1968ರಲ್ಲಿ ಸಿಮೆಂಟ್ ಕಾರ್ಖಾನೆ ಶುರುವಾಯಿತು. ಖಣಿಗೆ ಬರುವ ಹೊಸಬರಿಗೆ ಮೊದಲು ತರಬೇತಿ ಕೊಡಬೇಕು ಅಂತ 1966ರಲ್ಲೇ ಸರಕಾರ ನಿಯಮ ಮಾಡಿತ್ತು.

ಕಲಿಸುವವರು ಯಾರು? ಹಲವು ಸಲ ಅಲ್ಲೇ ದುಡಿದು ಹಳಬರಾದವರು. ನಾಳೆ ನಿಮ್ಮನ್ನೇ ಕರೆದು, "ಕಾಕಾ, ಈ ಹುಡುಗರಿಗೆ ನೀವೇ ಹೇಳಿಕೊಡ್ರಿ" ಅಂದರೆ? ಕೆಲಸ ಕೈಗೆ ಗೊತ್ತು. ಬಾಯಿಗೆ ಬರುವುದಿಲ್ಲ. ಎದುರಿಗೆ ಇಪ್ಪತ್ತು ಮಂದಿ. ಕನ್ನಡದವರು, ತೆಲುಗಿನವರು, ಉರ್ದು ಮಾತಾಡುವವರು.

"ತಿಳೀತೇನ್ರಪಾ?" ಅಂತ ಕೇಳಿದರೆ ಎಲ್ಲರೂ "ಹೂಂ ರೀ" ಅನ್ನುತ್ತಾರೆ. ಅದನ್ನು ನಂಬಬೇಡಿರಿ. ಮಾಡಿ ತೋರಿಸಲು ಹೇಳಿರಿ.

ಡಂಪರ್ ಮಾತು ತಗೊಳ್ಳೋಣ. "ಡಂಪರ್ ಹತ್ತಿರ ನಿಲ್ಲಬೇಡ" ಅಂತ ಹತ್ತು ಸಲ ಹೇಳಿದರೂ ಕಿವಿಗೆ ಹೋಗುವುದಿಲ್ಲ. ಇಂಜಿನ್ ಬಂದ್ ಮಾಡಿಸಿ, ಬ್ರೇಕ್ ಹಾಕಿಸಿ, ಗಾಲಿಗೆ ಅಡ್ಡ ಕೊಡಿಸಿರಿ. ಒಬ್ಬೊಬ್ಬರನ್ನೇ ಡ್ರೈವರ್ ಸೀಟಿನಲ್ಲಿ ಕೂಡಿಸಿರಿ. ಇನ್ನೊಬ್ಬನನ್ನು ಮುಂದೆ, ಬಂಪರಿನ ಹತ್ತಿರ ನಿಲ್ಲಿಸಿರಿ. ಮೇಲೆ ಕೂತವನಿಗೆ ಕೆಳಗಿನವನು ಕಾಣುವುದೇ ಇಲ್ಲ! "ಎಲ್ಲಿ ಹೋದ ರೀ ಅವ?" ಅನ್ನುತ್ತಾನೆ. ಆ ಪಾಠ ಮರೆಯುವುದಿಲ್ಲ.

ಇನ್ನು ಮದ್ದು. "ಸಿಡಿಯದೆ ಉಳಿದ ಮದ್ದು ಕಂಡರೆ ಏನು ಮಾಡ್ತಿ ತಮ್ಮಾ?" ಅಂತ ಕೇಳಿರಿ. ಉತ್ತರ ತಪ್ಪಿದರೆ ನಗಬೇಡಿರಿ. ನಕ್ಕರೆ ಅವನು ಮತ್ತೆ ಬಾಯಿ ಬಿಡುವುದಿಲ್ಲ. ಮುಟ್ಟಬಾರದು, ದೂರ ಸರಿಯಬೇಕು, ಮದ್ದು ಹಾರಿಸುವವರಿಗೆ ತಿಳಿಸಬೇಕು. ಇದನ್ನು ಅವನ ಬಾಯಿಂದಲೇ ಹೇಳಿಸಿರಿ.

ಬರೆಯಿರಿ: ನೀವು ದುಡಿಯುವ ಜಾಗದಲ್ಲಿ ಹೊಸಬರಿಗೆ ಮೊದಲ ದಿನ ಏನು ತೋರಿಸುತ್ತೀರಿ?