ಭಾರಿ ಮೋಟಾರ್ ಸೈಕಲ್ಲು

ಡಾಂಬರು ರಸ್ತೆ, ಕಚ್ಚಾದಾರಿ ಎರಡರಲ್ಲಿಯೂ ದೂರ ಸಾಗಬಲ್ಲ ಭಾರಿ ಮೋಟಾರ್ ಸೈಕಲ್ಲುಗಳಿಗೆ ಮಾದರಿಯಾದುದು 1980ರಲ್ಲಿ ಪಶ್ಚಿಮ ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯು ಹೊರತಂದ 'ಆರ್ 80 ಜಿ/ಎಸ್'. ಅಂತಹ ವಾಹನವನ್ನು ಅಥಣಿಯ ಸೀಮೆಯಲ್ಲಿ ನಡೆಸುವವನು ಮೊದಲು ತಾಳ್ಮೆಯನ್ನು ಕಲಿಯಬೇಕಾಗುತ್ತದೆ. ಮಳೆ ಬಿದ್ದೊಡನೆ ಇಲ್ಲಿಯ ಎರೆಮಣ್ಣು ಗಾಲಿಗೆ ಮೆತ್ತಿಕೊಳ್ಳುತ್ತದೆ. ಸುಮಾರು 200 ಕಿಲೋಗ್ರಾಂ ಭಾರದ ವಾಹನವು ಒಮ್ಮೆ ವಾಲಿತೆಂದರೆ ಅದನ್ನು ತೋಳ್ಬಲದಿಂದ ತಡೆಯುವುದು ಕಷ್ಟ.

ಕಬ್ಬಿನ ಹಂಗಾಮಿನ ಇರುಳಿನಲ್ಲಿ ಅಪಾಯವು ಇನ್ನೂ ಹೆಚ್ಚು. ಕಬ್ಬು ಹೇರಿಕೊಂಡ, ಹಿಂಬದಿಯಲ್ಲಿ ದೀಪವಿಲ್ಲದ ಗಾಡಿಯು ಹಠಾತ್ತನೆ ಎದುರಾಗಬಹುದು. ವೇಗವು ಇಮ್ಮಡಿಯಾದರೆ, ಬ್ರೇಕು ಹಾಕಿದ ಬಳಿಕ ವಾಹನವು ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ಮುಂದಿನ ದೀಪದ ಬೆಳಕು ತಲುಪುವ ದೂರವಾದರೋ ಮೊದಲಿದ್ದಷ್ಟೇ ಇರುತ್ತದೆ. ಆದುದರಿಂದ, ಬೆಳಕು ಬೀಳುವಷ್ಟು ದೂರದೊಳಗೆ ವಾಹನವನ್ನು ನಿಲ್ಲಿಸಬಲ್ಲ ವೇಗವೇ ಇರುಳಿನ ದಾರಿಗೆ ತಕ್ಕ ವೇಗ.