ಕುರಿಮಂದೆಯ ಕಾವಲು ನಾಯಿ: ಅದರ ಲಕ್ಷಣಗಳೂ ಪೋಷಣೆಯೂ

ತೊಗರಿಯ ರಾಶಿ ಮುಗಿದ ಬಳಿಕ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ತರುಬಿಸುವುದುಂಟು. ಹೊಲದ ಯಜಮಾನನು ಕುರಿಗಳೆಷ್ಟೆಂದು ಕೇಳುವನೇ ಹೊರತು, ರಾತ್ರಿಯೆಲ್ಲ ಅವುಗಳನ್ನು ಕಾಯುವ ನಾಯಿಯ ವಿಚಾರವನ್ನು ಕೇಳುವುದು ವಿರಳ. ಆದರೆ ಅಲಕ್ಷಿಸಲ್ಪಟ್ಟ ನಾಯಿಯಿಂದ ಮಂದೆಗೂ ಮನುಷ್ಯರಿಗೂ ಕೇಡುಂಟಾಗುವುದು. ಆದುದರಿಂದ ಗ್ರಾಮದ ಹಿರಿಯರೂ ಜಮೀನುದಾರರೂ ಈ ವಿಷಯವನ್ನು ಅರಿತಿರತಕ್ಕದ್ದು.

ಲಕ್ಷಣಗಳು.— ಸ್ಕಾಟ್ಲೆಂಡಿನಂಥ ದೇಶಗಳಲ್ಲಿ ನಾಯಿಯು ಕುರಿಗಳನ್ನು ಅಟ್ಟಿ ನಡೆಯಿಸುವುದು. ಈ ಸೀಮೆಯಲ್ಲಿ ಮಂದೆಯನ್ನು ನಡೆಯಿಸುವವನು ಕುರುಬನೇ. ನಾಯಿಯದು ಕಾವಲಿನ ಕೆಲಸ. ಕನ್ನಡನಾಡಿನಲ್ಲಿ ಪ್ರಸಿದ್ಧವಾದ ಮುಧೋಳ ನಾಯಿಯು ನೀಳವಾದ ತಲೆ, ಆಳವಾದ ಎದೆ, ಸಣ್ಣ ನಡು, ಗಿಡ್ಡ ಕೂದಲು ಉಳ್ಳದ್ದು. ದೃಷ್ಟಿಯೂ ವೇಗವೂ ಅದರ ಬಲ. ಆದರೆ ಅದು ಬೇಟೆಯನ್ನು ಬೆನ್ನಟ್ಟುವ ಜಾತಿ. ಮಂದೆ ಬಿಟ್ಟು ಮೊಲದ ಹಿಂದೆ ಓಡದಂತೆ ಅದನ್ನು ಎಳೆತನದಿಂದಲೇ ಪಳಗಿಸಬೇಕು. ಜಾತಿ ಯಾವುದೇ ಇರಲಿ, ಕುರಿಯನ್ನು ಕಚ್ಚದಿರುವುದು, ಮಂದೆಯನ್ನು ಅಗಲದಿರುವುದು, ಅಪರಿಚಿತ ಸುಳಿವಿಗೆ ಕೂಡಲೆ ಬೊಗಳುವುದು ಇವು ಮೂರು ಮುಖ್ಯ ಗುಣಗಳು. ಮರಿಯನ್ನು ಸುಮಾರು ಎಂಟು ವಾರಗಳ ಪ್ರಾಯದಿಂದ ಕುರಿಗಳ ನಡುವೆಯೇ ಬೆಳೆಸಿದರೆ ಈ ಗುಣಗಳು ನೆಲೆಗೊಳ್ಳುವುವು.

ಚಿಂಚೋಳಿಯ ಅರಣ್ಯವು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ತೋಳವೂ ಕತ್ತೆಕಿರುಬವೂ ಇರುವುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ತೋಳವನ್ನು ಕೊಲ್ಲುವುದೂ ಅದಕ್ಕೆ ವಿಷವಿಡುವುದೂ ಅಪರಾಧ. ಹೀಗಿರಲು ಒಳ್ಳೆಯ ನಾಯಿ, ಭದ್ರವಾದ ಹಟ್ಟಿ, ಎಚ್ಚರವುಳ್ಳ ಕುರುಬ, ಇವೇ ನ್ಯಾಯವಾದ ರಕ್ಷಣೆ. ತೋಳವು ಕೊರಳನ್ನು ಹಿಡಿಯದಂತೆ ನಾಯಿಗೆ ಮುಳ್ಳಿನ ಪಟ್ಟಿ ಕಟ್ಟುವುದು ಲೇಸು.

ಸುತ್ತು ರೋಗ.— ಕೆಲವು ಕುರಿಗಳು ತಲೆ ವಾಲಿಸಿ, ಮಂದೆಯಿಂದ ಬೇರೆಯಾಗಿ, ಒಂದೇ ಕಡೆಗೆ ಸುತ್ತುತ್ತ ಕಡೆಗೆ ಸಾಯುವುವು. ಇದನ್ನು ದೆವ್ವದ ಕಾಟವೆನ್ನುವುದು ತಪ್ಪು. ಮಿದುಳಿನಲ್ಲಿ ಬೆಳೆದ ನೀರುಗುಳ್ಳೆಯು ಇದಕ್ಕೆ ಒಂದು ಮುಖ್ಯ ಕಾರಣ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಆ ಗುಳ್ಳೆಯು ನಾಯಿಯ ಕರುಳಿನಲ್ಲಿ ಲಾಡಿಹುಳುವಾಗುವುದು. ಹುಳುವಿನ ತತ್ತಿಗಳು ಮಲದೊಡನೆ ಹುಲ್ಲಿಗೆ ಸೇರುವುವು. ಆ ಹುಲ್ಲನ್ನು ಮೇಯ್ದ ಕುರಿಗೆ ಮತ್ತೆ ರೋಗ ತಗಲುವುದು. ಬೇಲಿಯೇ ಎದ್ದು ಹೊಲ ಮೇಯ್ದಂತೆ, ಕಾಯುವ ನಾಯಿಯೇ ಮಂದೆಯನ್ನು ಕೆಡಿಸುವುದು. ಆದರೆ ತಪ್ಪು ನಾಯಿಯದಲ್ಲ, ತಲೆಯನ್ನು ಎಸೆದ ಕೈಯದು. ಊರ ನಾಯಿಗಳಿಂದಲೂ ಈ ರೋಗ ಹರಡಬಲ್ಲದು. ಆದುದರಿಂದ ಸತ್ತ ಕುರಿಯನ್ನು ಆಳವಾಗಿ ಹೂಳಬೇಕು, ಇಲ್ಲವೆ ಸುಡಬೇಕು. ಊರ ಹೊರಗೆ ಬಿಸಾಡಲಾಗದು.

ಪೋಷಣೆ.— ಹಸಿದ ನಾಯಿಯು ಹೆಣವನ್ನು ಹುಡುಕಿ ಹೋಗುವುದು. ಆದಕಾರಣ ದಿನಕ್ಕೆ ಎರಡು ಸಲ ಜೋಳದ ರೊಟ್ಟಿ ಇಲ್ಲವೆ ಅಂಬಲಿಯೊಡನೆ ಮಜ್ಜಿಗೆ, ಬೇಯಿಸಿದ ಮಾಂಸ ಇಲ್ಲವೆ ಮೊಟ್ಟೆಯನ್ನು ಕೊಡತಕ್ಕದ್ದು. ಬೇಸಿಗೆಯಲ್ಲಿ ನೆರಳೂ ತಣ್ಣೀರೂ ಸದಾ ಇರಬೇಕು. ಮೂರು ತಿಂಗಳಿಗೊಮ್ಮೆ, ರೋಗ ಕಂಡ ಮಂದೆಯಲ್ಲಿ ಇನ್ನೂ ಬೇಗ, ಪಶುವೈದ್ಯರು ನಾಯಿಯ ತೂಕವನ್ನು ನೋಡಿ ಹೇಳಿದಷ್ಟು ಲಾಡಿಹುಳುವಿನ ಔಷಧವನ್ನು ಕುಡಿಸತಕ್ಕದ್ದು.

ಹುಚ್ಚುನಾಯಿ ರೋಗ.— ಇದು ತೋರಿಕೊಂಡ ಮೇಲೆ ಬದುಕುವುದು ಅತಿ ವಿರಳ. ಆದರೆ ಮುಂಚಿತವಾಗಿ ತಡೆಯುವುದು ಸುಲಭ. ಮರಿಗೆ ಮೂರು ತಿಂಗಳು ತುಂಬಿದಾಗ ಮೊದಲ ಲಸಿಕೆ, ಆ ಮೇಲೆ ವೈದ್ಯರು ಹೇಳಿದಂತೆ ಮರುಲಸಿಕೆ, ಬಳಿಕ ವರ್ಷಕ್ಕೊಮ್ಮೆ ಹಾಕಿಸಬೇಕು. ಯಾರನ್ನಾದರೂ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷ ತೊಳೆದು ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಸುಣ್ಣ, ಖಾರ ಹಚ್ಚಿ ಕಾಲ ಕಳೆದರೆ ಪ್ರಾಣಕ್ಕೆ ಅಪಾಯ.

ಕುರಿ ತರುಬಿಸುವ ಮಾತುಕತೆಯ ದಿನವೇ ನಾಯಿಗೆ ಲಸಿಕೆಯಾಗಿದೆಯೇ, ಜಂತಿನ ಔಷಧ ಕುಡಿಸಿದೆಯೇ ಎಂದು ಜಮೀನುದಾರನು ವಿಚಾರಿಸತಕ್ಕದ್ದು. ಆಗಿಲ್ಲದಿದ್ದರೆ ಆ ಅಲ್ಪ ವೆಚ್ಚವನ್ನು ತಾನೇ ವಹಿಸುವುದು ಉಚಿತ. ಸತ್ತ ಪ್ರಾಣಿಗಳನ್ನು ಹೂಳಲು ಸ್ಥಳವನ್ನು ಗೊತ್ತುಮಾಡುವುದೂ, ಊರ ನಾಯಿಗಳಿಗೆ ಲಸಿಕೆ ಹಾಕಿಸುವುದೂ ಗ್ರಾಮದ ಹಿರಿಯರ ಹೊಣೆ. ಹೀಗೆ ನಡೆದರೆ ಹೊಲಕ್ಕೆ ಗೊಬ್ಬರವೂ, ಕುರುಬನಿಗೆ ಕುರಿಯೂ, ಊರಿಗೆ ನಿರ್ಭಯವೂ ಉಳಿಯುವುವು.