ಆಸ್ಪತ್ರೆ ಖರ್ಚು ಯಾರು ಕೊಡಬೇಕು?



ಮೊನ್ನೆ ಸಮಾಜ ವಿಜ್ಞಾನದ ಪೀರಿಯಡ್‌ನಲ್ಲಿ "ಎಲ್ಲರಿಗೂ ಸರ್ಕಾರವೇ ಔಷಧಿ ಕೊಡಬೇಕೋ, ಅವರವರೇ ವಿಮೆ ಮಾಡಿಸಬೇಕೋ?" ಅಂತ ಚರ್ಚೆ ಆಯಿತು. ಬೆಲ್ ಹೊಡೆದರೂ ಮುಗಿಯಲಿಲ್ಲ. ಆದ್ದರಿಂದ ನಾನು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ವಿಮೆ ಎಂದರೇನು?
ಒಂದು ಊರಿನಲ್ಲಿ 100 ಮನೆ ಇದೆ ಎಂದು ಇಟ್ಟುಕೊಳ್ಳಿ. ಪ್ರತಿ ಮನೆಯವರು ವರ್ಷಕ್ಕೆ 500 ರೂ. ಹಾಕಿದರೆ 50,000 ರೂ. ಆಗುತ್ತದೆ. ಆ ವರ್ಷ ಯಾರಿಗೆ ಆಪರೇಷನ್ ಆಗುತ್ತೋ ಅವರಿಗೆ ಅದರಿಂದ ಕೊಡುವುದು. ಇದೇ ವಿಮೆ. ಕಾಯಿಲೆ ಬಾರದವರ ಹಣ ವಾಪಸ್ ಬರುವುದಿಲ್ಲ. ಖಾಸಗಿ ಕಂಪನಿಯವರು ಇದನ್ನು ಲಾಭಕ್ಕಾಗಿ ಮಾಡುತ್ತಾರೆ. ವಯಸ್ಸಾದಂತೆ ಕಂತು ಹೆಚ್ಚಾಗುತ್ತದೆ. ಮೊದಲೇ ಇದ್ದ ಕಾಯಿಲೆಗೆ 3 ವರ್ಷದವರೆಗೂ ಕಾಯಬೇಕಾಗಬಹುದು.

ಎಲ್ಲರಿಗೂ ಆರೋಗ್ಯ ಎಂದರೇನು?
ಜನರ ತೆರಿಗೆ ಹಣದಿಂದ ಸರ್ಕಾರವೇ ಎಲ್ಲರಿಗೂ ಚಿಕಿತ್ಸೆ ಕೊಡುವುದು. ಬ್ರಿಟನ್ನಿನಲ್ಲಿ 1948ರ ಜುಲೈ 5ರಂದು ಇದು ಶುರುವಾಯಿತು. ನಮ್ಮ ದೇಶದಲ್ಲಿ 1946ರಲ್ಲೇ ಭೋರ್ ಸಮಿತಿಯು, ದುಡ್ಡಿಲ್ಲ ಎಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು ಎಂದು ಹೇಳಿತ್ತು.

ನಮ್ಮ ರಾಜ್ಯದಲ್ಲಿ
ಇಲ್ಲಿ ಎರಡೂ ಸೇರಿವೆ. 2003ರಲ್ಲಿ ಸಹಕಾರ ಸಂಘದ ರೈತರಿಗೆ ಯಶಸ್ವಿನಿ ಯೋಜನೆ ಬಂತು. ಆಗ ಒಬ್ಬರಿಗೆ ವರ್ಷಕ್ಕೆ 60 ರೂ. ಅದು 2018ರಲ್ಲಿ ನಿಂತು, ಆಮೇಲೆ ಮತ್ತೆ ಶುರುವಾಯಿತು. 2018ರಲ್ಲೇ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಂತು. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಉಚಿತ. ಎ.ಪಿ.ಎಲ್.ನವರಿಗೆ ನಿಗದಿಯಾದ ಖರ್ಚಿನಲ್ಲಿ ಶೇ. 30 ಮಾತ್ರ ಸರ್ಕಾರ ಕೊಡುತ್ತದೆ. ತುರ್ತು ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಚೀಟಿ ಬರೆಸಬೇಕು. ಇದನ್ನು ಎಲ್ಲರೂ ಮನೆಯಲ್ಲಿ ಹೇಳಿ.

ನಮ್ಮ ಮನೆಯ ಲೆಕ್ಕ
ಕಳೆದ ಮಳೆಗಾಲದಲ್ಲಿ ನಮ್ಮಜ್ಜಿ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. 108 ಗಾಡಿಯಲ್ಲಿ ಕರೆದುಕೊಂಡು ಹೋದರು. ಕಾರ್ಡು ಇದ್ದದ್ದರಿಂದ ಆಪರೇಷನ್ನಿಗೆ ಒಂದು ಪೈಸೆಯೂ ಕೊಡಲಿಲ್ಲ. ಕಾರ್ಡು ಇಲ್ಲದಿದ್ದರೆ ನಮ್ಮಜ್ಜಿ ಈಗ ಎದ್ದು ಓಡಾಡುತ್ತಿರಲಿಲ್ಲ.

ಆದರೆ ಆಮೇಲೆ ತೋರಿಸಿಕೊಂಡು ಬರಲು 4 ಸಲ ಜೀಪು ಮಾಡಬೇಕಾಯಿತು. 4 × 2,500 = 10,000 ರೂ. ಅಪ್ಪನಿಗೆ 12 ದಿನ ಕೂಲಿ ತಪ್ಪಿತು. 12 × 500 = 6,000 ರೂ. ಒಟ್ಟು 16,000 ರೂ. ಅದಕ್ಕಾಗಿ ನಮ್ಮ ಗಂಗೆ ಹಸುವನ್ನು ಮಾರಿದರು. ಉಚಿತ ಎಂದರೂ ಹಸು ಹೋಯಿತು.

ನನ್ನ ಗೆಳತಿ ಹೇಳಿದ್ದು: "ಸರ್ಕಾರಿ ಆಸ್ಪತ್ರೇಲಿ ಸಾಲು ಉದ್ದ, ಒಂದೊಂದ್ಸಲ ಡಾಕ್ಟರೇ ಇರಲ್ಲ. ವಿಮೆ ಇದ್ರೆ ಬೇಕಾದಲ್ಲಿಗೆ ಹೋಗ್ಬಹುದು." ಇದೂ ನಿಜ. ಆದರೆ ವಿಮೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿದಾಗ ಮಾತ್ರ ಉಪಯೋಗ. ಅಜ್ಜಿಗೆ ದಿನಾ ಬೇಕಾದ ಬಿ.ಪಿ. ಮಾತ್ರೆ ಬರುವುದು ಸರ್ಕಾರಿ ಆಸ್ಪತ್ರೆಯಿಂದ.

ಇನ್ನೊಂದು ಉದಾಹರಣೆ ಮಂಗನ ಕಾಯಿಲೆ. ಇದನ್ನು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದರು. ನಮ್ಮ ತಾಲ್ಲೂಕಿನಲ್ಲೂ ಬಂದಿದೆ. ಉಣುಗು ಕಚ್ಚದಂತೆ ಕಾಡಿಗೆ ಹೋಗುವ ಮುಂಚೆ ಹಚ್ಚಿಕೊಳ್ಳುವ ಎಣ್ಣೆಯನ್ನು ಆರೋಗ್ಯ ಇಲಾಖೆಯವರು ಕೊಡುತ್ತಾರೆ. ಯಾವ ವಿಮಾ ಕಂಪನಿಯವರು ದರಗು ಗುಡಿಸುವವರ ಮನೆಗೆ ಎಣ್ಣೆ ತಂದು ಕೊಡುತ್ತಾರೆ? ಕಾಯಿಲೆ ಬರದ ಹಾಗೆ ನೋಡಿಕೊಳ್ಳುವುದು ಸರ್ಕಾರದಿಂದಲೇ ಆಗಬೇಕು.

ನನ್ನ ಅಭಿಪ್ರಾಯ
ಕಾರ್ಡು ಬೇಕು. ಆದರೆ ಕಾರ್ಡು ಡಾಕ್ಟರ್ ಅಲ್ಲ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರು, ನರ್ಸು, ಮಾತ್ರೆ ಇರಬೇಕು. ಹಾಗಿದ್ದರೆ ನಾಲ್ಕು ಸಲ ಜೀಪು ಮಾಡುವುದು ತಪ್ಪುತ್ತಿತ್ತು. ಕೊಟ್ಟಿಗೆಯಲ್ಲಿ ಗಂಗೆ ಇರುತ್ತಿದ್ದಳು.

ಪ್ರಶ್ನೆಗಳು
1. ನಿಮ್ಮ ಮನೆಯಲ್ಲಿ ಯಾವ ಆರೋಗ್ಯ ಕಾರ್ಡು ಇದೆ?
2. ಹಿಂದಿನ ವರ್ಷ ಆಸ್ಪತ್ರೆಗೆ ಹೋಗಿ ಬರಲು ಎಷ್ಟು ಖರ್ಚಾಯಿತು? ಲೆಕ್ಕ ಬರೆದು ತನ್ನಿ.

– 7ನೇ ತರಗತಿ ವಿದ್ಯಾರ್ಥಿನಿ, ಕಡಹಿನಬೈಲು